ಟೊಳ್ಳಾದ ಹಳೆಯ ಮಾವಿನ ಮರ: ನಾಲ್ಕೈದು ಆಳುಗಳಿಂದ ತೆಗೆಯುವ ಕ್ರಮ

ಹೊಲದ ಬದುವಿನಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಅಜ್ಜನ ಕಾಲದ ನಾಟಿ ಮಾವಿನ ಮರವೊಂದು ನಿಂತಿರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಅದು ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿಯನ್ನೂ ಕೊಡುತ್ತದೆ. ಆದರೆ ಬುಡದಲ್ಲಿ ಆಳು ಕೂರುವಷ್ಟು ಪೊಟರೆ ಬಿದ್ದಿರುತ್ತದೆ. ಹಸಿರಾಗಿರುವ ಮರ ಬೀಳುವುದಿಲ್ಲ ಎಂದು ನಂಬಿ ಅದರ ಕೆಳಗೇ ದನ ಕಟ್ಟುವ ರೈತರಿದ್ದಾರೆ. ಈ ನಂಬಿಕೆ ಸರಿಯಲ್ಲ. ಮರದ ಜೀವವಿರುವುದು ತೊಗಟೆಯಲ್ಲಿ ಮತ್ತು ಅದರ ಒಳಗಿನ ಹೊಸ ಕಟ್ಟಿಗೆಯಲ್ಲಿ. ನಡುವಿನ ಕಟ್ಟಿಗೆ ಕೊಳೆತು ಹೋದರೂ ಎಲೆ ಹಸಿರಾಗಿಯೇ ಇರುತ್ತದೆ. ಹೋಗಿರುವುದು ಮರದ ಬಲ ಮಾತ್ರ.

ಮೊದಲು ಪರೀಕ್ಷೆ ಮಾಡಿ

ಟೊಳ್ಳಾದ ಮರವೆಲ್ಲ ಅಪಾಯಕಾರಿಯಲ್ಲ. ಗಟ್ಟಿ ಗೋಡೆಯುಳ್ಳ ಕೊಳವೆ ಭಾರ ಹೊರುವಂತೆ ದಪ್ಪ ಗೋಡೆಯ ಮರವೂ ನಿಲ್ಲಬಲ್ಲದು. ಆದ್ದರಿಂದ ಗೋಡೆಯ ದಪ್ಪವನ್ನು ಅಳೆಯುವುದು ಮೊದಲ ಕೆಲಸ.

ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ನೋಡಿ. ಡೋಲಿನಂತೆ ಶಬ್ದ ಬರುವ ಕಡೆ ಒಳಗೆ ಟೊಳ್ಳಿದೆ. ಅಂಥ ನಾಲ್ಕು ಕಡೆ ಸಣ್ಣ ಬೈರಿಗೆಯಿಂದ ರಂಧ್ರ ಕೊರೆಯಿರಿ. ಬೈರಿಗೆ ಇದ್ದಕ್ಕಿದ್ದಂತೆ ಸಡಿಲವಾಗಿ ಒಳಗೆ ಜಾರಿದಾಗ ನಿಲ್ಲಿಸಿ, ಎಷ್ಟು ಅಂಗುಲ ಇಳಿದಿದೆ ಎಂದು ಅಳೆಯಿರಿ. ಅದೇ ಗೋಡೆಯ ದಪ್ಪ. ಮರದ ಸುತ್ತಳತೆಯನ್ನು 6ರಿಂದ ಭಾಗಿಸಿದರೆ ತ್ರಿಜ್ಯ ಸುಮಾರಾಗಿ ಸಿಗುತ್ತದೆ. ಗಟ್ಟಿ ಗೋಡೆಯು ತ್ರಿಜ್ಯದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅಪಾಯವೆಂದು ತಿಳಿಯಿರಿ. ಉದಾಹರಣೆಗೆ, ಸುತ್ತಳತೆ 12 ಅಡಿಯಿದ್ದರೆ ತ್ರಿಜ್ಯ 2 ಅಡಿ. ಗೋಡೆ 8 ಅಂಗುಲವಾದರೂ ಇರಬೇಕು. ಪೊಟರೆಯ ಬಾಯಿ ಅಗಲವಾಗಿ ತೆರೆದಿದ್ದರೆ, ಕಾಂಡ ಸೀಳಿದ್ದರೆ, ಬುಡದಲ್ಲಿ ಅಣಬೆ ಎದ್ದಿದ್ದರೆ ಈ ಲೆಕ್ಕವೂ ಸಾಲದು.

ಅಪ್ಪಣೆ ಮತ್ತು ಸಿದ್ಧತೆ

ಸ್ವಂತ ಜಮೀನಿನ ಮರವಾದರೂ ಕಡಿಯಲು ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆ, 1976ರಂತೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ನಿಮ್ಮ ಮರದ ವಿಷಯವನ್ನು ಹತ್ತಿರದ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯವಿದ್ದರೆ ಅರ್ಜಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ. ವಿದ್ಯುತ್ ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿಯವರಿಗೆ ತಿಳಿಸಿ, ಕೆಲಸದ ದಿನ ಸರಬರಾಜು ನಿಲ್ಲಿಸಿದ ಮೇಲೆಯೇ ಕೈ ಹಾಕಿ.

ಅಪ್ಪಣೆ ಬರುವವರೆಗಿನ ಅವಧಿಯನ್ನು ವ್ಯರ್ಥ ಮಾಡಬೇಡಿ. ಮರ ಹೋದರೂ ತಳಿ ಉಳಿಯಬೇಕು. ಉಪ್ಪಿನಕಾಯಿಗೆ ಹೆಸರಾದ ನಾಟಿ ಮರವಾದರೆ ಮಳೆಗಾಲದಲ್ಲಿಯೇ ಅದರಿಂದ ಕಸಿ ಮಾಡಿಸಿಕೊಳ್ಳಿ. ಪೆನ್ಸಿಲ್ ದಪ್ಪದ ತುದಿಕಡ್ಡಿಗಳನ್ನು ಆರಿಸಿ, ಕತ್ತರಿಸುವ ವಾರ ಹತ್ತು ದಿನಗಳ ಮುಂಚೆ ಎಲೆಗಳನ್ನು ತೆಗೆದರೆ ಕುಡಿಮೊಗ್ಗು ಉಬ್ಬಿ ಕಸಿ ಚೆನ್ನಾಗಿ ಹತ್ತುತ್ತದೆ.

ಪೊಟರೆಯೊಳಗೆ ಯಾರಿದ್ದಾರೆಂದೂ ನೋಡಿ. ತುಡುವೆ ಜೇನು ಇದ್ದರೆ ಬಲ್ಲವರನ್ನು ಕರೆಸಿ ಪೆಟ್ಟಿಗೆಗೆ ಇಳಿಸಿಕೊಳ್ಳಿ. ಗೂಬೆ, ಗಿಳಿಗಳ ಮರಿಗಳಿದ್ದರೆ ಅವು ಹಾರಿಹೋಗುವವರೆಗೆ ತಡೆಯಿರಿ. ಇಲಿ ಹಿಡಿಯುವ ಗೂಬೆ ರೈತನ ಮಿತ್ರ. ಹಾವಿನ ಭಯದಿಂದ ಪೊಟರೆಗೆ ಬೆಂಕಿ ಹಾಕುವ ರೂಢಿಯನ್ನು ಪೂರ್ತಿ ಬಿಡಬೇಕು. ಟೊಳ್ಳು ಹೊಗೆಗೂಡಿನಂತೆ ಗಾಳಿ ಎಳೆಯುತ್ತದೆ. ಬೆಂಕಿ ಒಳಗೊಳಗೇ ದಿನಗಟ್ಟಲೆ ಉರಿದು, ಯಾರೂ ಎಣಿಸದ ಹೊತ್ತಿನಲ್ಲಿ ಮರ ಕುಸಿಯುತ್ತದೆ.

ಕೊಂಬೆಗಳನ್ನು ಇಳಿಸುವುದು

ಬೇಸಿಗೆಯ ಮಳೆಗಾಳಿ ಏಳುವ ಮೊದಲು, ಗಾಳಿಯಿಲ್ಲದ ಬೆಳಗಿನ ಹೊತ್ತು ಈ ಕೆಲಸಕ್ಕೆ ಸೂಕ್ತ. ನಾಲ್ಕೈದು ಜನ ಸಾಕು. ಆದರೆ ಹೇಳುವವನು ಒಬ್ಬನೇ ಇರಬೇಕು. ಅವನು 'ನಿಲ್ಲಿ' ಎಂದರೆ ಎಲ್ಲರ ಕೈಯೂ ನಿಲ್ಲಬೇಕು.

ಗೋಡೆ ದಪ್ಪವಾಗಿದ್ದರೆ ಮಾತ್ರ, ಅನುಭವಸ್ಥ ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮರ ಹತ್ತಬಹುದು. ಗೋಡೆ ತೆಳುವಾಗಿದ್ದರೆ ಯಾರನ್ನೂ ಹತ್ತಿಸಬೇಡಿ. ಕೊಂಬೆಯ ಭಾರವನ್ನು ಕಣ್ಣಳತೆಯಲ್ಲಿ ಹೇಳಲಾಗದು. ಹಸಿ ಮಾವಿನ ಕಟ್ಟಿಗೆ ಘನ ಅಡಿಗೆ ಸುಮಾರು 25 ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ, 1 ಅಡಿ ದಪ್ಪದ 10 ಅಡಿ ತುಂಡು 200 ಕಿಲೋ ಹತ್ತಿರ ಬರುತ್ತದೆ. ಅದು ಇಬ್ಬರು ಕೈಯಲ್ಲಿ ಹಿಡಿಯುವ ಭಾರವಲ್ಲ. ತುದಿಯಿಂದ ಬುಡದ ಕಡೆಗೆ ಸಣ್ಣ ತುಂಡುಗಳಾಗಿ ಕತ್ತರಿಸಿ, ಹಗ್ಗವನ್ನು ಬೇರೊಂದು ಗಟ್ಟಿ ಮರದ ಬುಡಕ್ಕೆ ಎರಡು ಸುತ್ತು ಹಾಕಿ, ಸಡಿಲಿಸುತ್ತ ಇಳಿಸಬೇಕು.

ಕಾಂಡವನ್ನು ಬೀಳಿಸುವುದು

ಮರದ ಎತ್ತರ ತಿಳಿಯಲು ನಿಮ್ಮ ತೋಳಿನಷ್ಟು ಉದ್ದದ ಕೋಲನ್ನು ತೋಳು ಚಾಚಿ ನೇರವಾಗಿ ಹಿಡಿಯಿರಿ. ಕಣ್ಣಿಗೆ ಮರದ ಬುಡ ತುದಿಗಳು ಕೋಲಿನ ಬುಡ ತುದಿಗಳಿಗೆ ಸರಿಹೊಂದುವವರೆಗೆ ಹಿಂದೆ ಸರಿಯಿರಿ. ನೀವು ನಿಂತಲ್ಲಿಂದ ಮರಕ್ಕಿರುವ ದೂರವೇ ಅದರ ಎತ್ತರ. ಇದರ ಎರಡರಷ್ಟು ದೂರದೊಳಗೆ ಜನ, ದನ, ಮಕ್ಕಳು ಇರಬಾರದು.

ಗಟ್ಟಿ ಮರದಲ್ಲಿ, ಬೀಳುವ ಕಡೆ ಕಚ್ಚು ಹಾಕಿ ಹಿಂದಿನಿಂದ ಕೊಯ್ದಾಗ ನಡುವೆ ಉಳಿಯುವ ಪಟ್ಟಿಯು ಬಾಗಿಲಿನ ಕೀಲಿನಂತೆ ಮರವನ್ನು ಹಿಡಿದು ಬಾಗಿಸುತ್ತದೆ. ಟೊಳ್ಳು ಮರದಲ್ಲಿ ಆ ಕೀಲಿನ ನಡುಭಾಗವೇ ಇಲ್ಲ; ಎರಡು ಪಕ್ಕದ ತುಣುಕುಗಳು ಮಾತ್ರ ಉಳಿಯುತ್ತವೆ. ಬೆಣೆ ಹೊಡೆದರೂ ಗೋಡೆ ಸೀಳುತ್ತದೆಯೇ ಹೊರತು ಮರ ಏಳುವುದಿಲ್ಲ. ಆದ್ದರಿಂದ ಇಲ್ಲಿ ಬೆಣೆಯ ಕೆಲಸವನ್ನು ಹಗ್ಗದಿಂದ ಮಾಡಿಸಬೇಕು. ಕ್ರಮ ಹೀಗಿದೆ:

1. ಸಣ್ಣ ದಾರಕ್ಕೆ ಕಲ್ಲು ಕಟ್ಟಿ ಎತ್ತರದ ಕವಲಿಗೆ ಎಸೆದು, ಅದರಿಂದ ದಪ್ಪ ಹಗ್ಗವನ್ನು ಎಳೆದುಕೊಳ್ಳಿ. ಹತ್ತುವ ಅಗತ್ಯ ಬೀಳದು.

2. ಹಗ್ಗವನ್ನು ದೂರದ ಗಟ್ಟಿ ಮರಕ್ಕೆ ಕಟ್ಟಿದ ರಾಟೆಯ ಮೂಲಕ ಪಕ್ಕಕ್ಕೆ ತಿರುಗಿಸಿ. ಎಳೆಯುವವರು ಮರ ಬೀಳುವ ಸಾಲಿನಲ್ಲಿ ನಿಲ್ಲಬಾರದು.

3. ತಟ್ಟಿ ನೋಡಿ, ಎದೆಯ ಎತ್ತರದೊಳಗೆ ಗೋಡೆ ದಪ್ಪವಿರುವ ಕಡೆ ಕೊಯ್ಲು ಹಾಕಿ. ಅದಕ್ಕಿಂತ ಒಂದಡಿ ಮೇಲೆ ಸರಪಳಿ ಬಿಗಿಯಿರಿ. ಕಾಂಡ ಉದ್ದಕ್ಕೆ ಸೀಳುವುದು ತಪ್ಪುತ್ತದೆ.

4. ಕಚ್ಚು ಆಳವಾಗಿರಬಾರದು. ಪಕ್ಕದ ಎರಡು ತುಣುಕುಗಳನ್ನು ದಪ್ಪವಾಗಿ ಉಳಿಸಿ ಹಿಂದಿನಿಂದ ಕೊಯ್ಯಿರಿ.

5. ಕೊಯ್ಯುವವರು ಬುಡ ಬಿಟ್ಟು, ಮೊದಲೇ ಸವರಿಟ್ಟ ದಾರಿಯಲ್ಲಿ ಹಿಂದಕ್ಕೆ ಓರೆಯಾಗಿ ಸರಿದ ಮೇಲೆ ಹಗ್ಗವನ್ನು ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ಟ್ರ್ಯಾಕ್ಟರಿನಿಂದ ಜಗ್ಗಿದರೆ ಕಾಂಡ ನಡುವೆ ಮುರಿದು ತುದಿ ಹಿಂದಕ್ಕೆ ಬೀಳಬಹುದು.

ಗೋಡೆ ತೆಳುವಾಗಿದ್ದು, ಬೀಳಿಸಲು ಬಯಲೂ ಇಲ್ಲದೆ ಮನೆ ಕೊಟ್ಟಿಗೆಗಳು ಸುತ್ತುವರಿದಿದ್ದರೆ ಅದು ನಾಲ್ಕು ಆಳುಗಳ ಕೆಲಸವಲ್ಲ. ಕ್ರೇನ್ ಬಾಡಿಗೆಗೆ ತರಿಸಿ. ಅಲ್ಲಿಯವರೆಗೆ ದನಗಳನ್ನು ಬೇರೆಡೆ ಕಟ್ಟಿ.

ಪೂರ್ತಿ ತೆಗೆಯಲೇಬೇಕೆ?

ಮರ ಹೊಲದ ಮಧ್ಯೆಯೋ ಬದುವಿನಲ್ಲೋ ಇದ್ದು, ಕೆಳಗೆ ಜನ ದನ ಓಡಾಡದಿದ್ದರೆ ತಲೆಯ ಭಾರವನ್ನು ಇಳಿಸಿ 10-12 ಅಡಿ ಮೋಟನ್ನು ಬಿಟ್ಟರೂ ಆಗುತ್ತದೆ. ಗಾಳಿ ಹಿಡಿಯುವ ಹರವು ಹೋದ ಮೇಲೆ ಉರುಳುವ ಭಯ ಬಹಳ ಕಡಿಮೆ, ಗೂಬೆಗೂ ನೆಲೆ ಉಳಿಯುತ್ತದೆ. ಪೂರ್ತಿ ತೆಗೆದರೆ ಪೊಟರೆಯ ಕೊಳೆತ ಪುಡಿಯನ್ನು ಗೊಬ್ಬರದ ಗುಂಡಿಗೆ ಸೇರಿಸಿ. ಮುಂದಿನ ಮಳೆಗೆ, ಮಾಡಿಟ್ಟ ಕಸಿ ಸಸಿಗಳನ್ನು ಮನೆ, ಕೊಟ್ಟಿಗೆ, ತಂತಿಗಳಿಂದ ದೂರದಲ್ಲಿ ನೆಡಿ. ನೆರಳು ಬೇಕೆಂದು ಗೋಡೆಗೆ ಒತ್ತಿ ನೆಟ್ಟ ಗಿಡ ಮೊಮ್ಮಕ್ಕಳ ಕಾಲಕ್ಕೆ ಇದೇ ತೊಂದರೆಯನ್ನು ಮತ್ತೆ ತಂದೊಡ್ಡುತ್ತದೆ.