ಎಂಟು ಗಂಟೆಯ ಲೆಕ್ಕದಲ್ಲಿ ಸಿಕ್ಕ ರಜೆ

ಬೆಳಗಿನ ಜಾವ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆಗೆ ಓಡುವ ಕಂಪನಿ ಬಸ್ಸುಗಳಲ್ಲಿ ಅರ್ಧ ನಿದ್ದೆ, ಅರ್ಧ ಮಾತು. ಆ ಮಾತಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಲಸಿಹೋಗಿರುತ್ತವೆ. ಒಂದು ಶಿಫ್ಟು ಒಳಗೆ ಹೋದರೆ ಇನ್ನೊಂದು ಹೊರಗೆ. ದಿನವನ್ನು ಹೀಗೆ ಮೂರು ಪಾಲು ಮಾಡಿ ಎಂಟೆಂಟು ಗಂಟೆ ಹಂಚಿದವರು ಯಾರು ಎಂದು ಹುಡುಕುತ್ತ ಹೋದರೆ ಮೇ 1ರ ರಜೆಯ ಬುಡ ಸಿಗುತ್ತದೆ.

ಮೊದಲು ಪಟ್ಟು ಹಿಡಿದವರಲ್ಲಿ ಆಸ್ಟ್ರೇಲಿಯಾದ ಕಲ್ಲುಕುಟಿಗರಿದ್ದಾರೆ. 1856ರ ಏಪ್ರಿಲ್ 21ರಂದು ಮೆಲ್ಬರ್ನ್‌ನಲ್ಲಿ ಅವರು ಉಳಿ ಸುತ್ತಿಗೆ ಕೆಳಗಿಟ್ಟು ಮೆರವಣಿಗೆ ಹೊರಟರು. ಕೂಲಿ ಕಡಿತವಿಲ್ಲದೆ ಎಂಟು ಗಂಟೆ ಗಿಟ್ಟಿಸಿಕೊಂಡರು. ಮೇ 1 ಗಂಟುಬಿದ್ದದ್ದು ಅಮೆರಿಕದಲ್ಲಿ. 1886ರ ಮೇ 1ರಿಂದ ದಿನದ ದುಡಿಮೆ ಎಂಟು ಗಂಟೆ ಮೀರಬಾರದೆಂದು ಅಲ್ಲಿನ ಸಂಘಗಳು 1884ರಲ್ಲೇ ಗೊತ್ತುಮಾಡಿದ್ದವು. ನಮ್ಮ ಹಳ್ಳಿಗಳಲ್ಲಿ ಜೀತದ ಕರಾರು ಯುಗಾದಿಗೆ ಹೊಸದಾಗುತ್ತಿದ್ದಂತೆ ಶಿಕಾಗೋದಲ್ಲಿ ಮನೆ ಬಾಡಿಗೆಯ ಕರಾರು ಹೊಸದಾಗುತ್ತಿದ್ದುದೂ ಮೇ 1ಕ್ಕೇ. ಲೆಕ್ಕ ಚುಕ್ತಾ ಮಾಡಲು ಜನ ಎಲ್ಲೆಡೆಯೂ ಒಂದು ದಿನ ಇಟ್ಟುಕೊಂಡಿರುತ್ತಾರೆ!

ಆ ಮೇ 1ರಂದು ಶುರುವಾದ ಮುಷ್ಕರದ ಮೂರನೆಯ ದಿನ ಅದೇ ಶಿಕಾಗೋದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಮರುದಿನ ಹೇಮಾರ್ಕೆಟ್ ಸಭೆಯಲ್ಲಿ ಬಾಂಬ್ ಸಿಡಿಯಿತು. ಎಸೆದವನು ಯಾರೆಂದು ಇಂದಿಗೂ ತಿಳಿದಿಲ್ಲ. ಆದರೂ 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಿದರು. 1889ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಸಮಾಜವಾದಿಗಳು ಮುಂದಿನ ವರ್ಷದ ಮೇ 1ರಂದು ಎಲ್ಲ ದೇಶಗಳಲ್ಲೂ ಈ ಬೇಡಿಕೆ ಎತ್ತಬೇಕೆಂದು ಕರೆ ಕೊಟ್ಟರು. ಅಮೆರಿಕ ಮಾತ್ರ ತನ್ನ ಕಾರ್ಮಿಕರ ರಜೆಯನ್ನು ಸೆಪ್ಟೆಂಬರಿನಲ್ಲಿ ಇಟ್ಟುಕೊಂಡು ಕೂತಿದೆ.

ನಮ್ಮ ಕಡೆಗೆ ಇದನ್ನು ತಂದವರು ಮದ್ರಾಸಿನ ಕಾರ್ಮಿಕ ಮುಖಂಡ ಸಿಂಗಾರವೇಲು ಚೆಟ್ಟಿಯಾರ್. 1923ರ ಮೇ 1ರಂದು ಹೈಕೋರ್ಟಿನ ಎದುರಿನ ಕಡಲದಂಡೆಯಲ್ಲೊಂದು, ಟ್ರಿಪ್ಲಿಕೇನ್ ಕಡಲದಂಡೆಯಲ್ಲೊಂದು ಸಭೆ. ಕೆಂಪು ಬಾವುಟಕ್ಕೆ ಬಟ್ಟೆ ಸಿಗದೆ ಮಗಳ ಕೆಂಪು ಸೀರೆಯನ್ನೇ ಹರಿದರು ಎಂಬ ಕತೆಯಿದೆ. ನಿಜವೋ ಸುಳ್ಳೋ, ಚೆನ್ನಾಗಿದೆ. ಆ ದಿನವನ್ನು ಸರ್ಕಾರ ರಜೆಯೆಂದು ಸಾರಲಿ ಎಂಬ ನಿರ್ಣಯವೂ ಅಲ್ಲೇ ಆಯಿತು. ಆಗ ಕಾರ್ಖಾನೆ ಕಾಯ್ದೆ ಒಪ್ಪಿದ್ದ ದುಡಿಮೆ ವಾರಕ್ಕೆ 60 ಗಂಟೆ. ಅದು 48ಕ್ಕೆ ಇಳಿಯಲು 1946 ಬರಬೇಕಾಯಿತು.

ಆಗಿನ ಹೊಸೂರು ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯ ಒಂದು ತಾಲ್ಲೂಕು. ರಾಗಿ ಬೆಳೆಯುವ ಸೀಮೆ. ಹೊಲದಲ್ಲಿ ಹೊತ್ತೇ ಗಡಿಯಾರ. ಸಿಪ್ಕಾಟ್ ಬಂದದ್ದು 1970ರ ದಶಕದಲ್ಲಿ. ಹೊಲದವರ ಮಕ್ಕಳು ಮೆಷಿನ್ ಮುಂದೆ ನಿಂತಾಗ ಎಂಟು ಗಂಟೆಯ ಲೆಕ್ಕ ಅವರಿಗೆ ಸಿದ್ಧವಾಗಿ ಸಿಕ್ಕಿತು.

ಸಿಕ್ಕದ್ದು ಅಲುಗಾಡುವುದೂ ಉಂಟು. ದಿನಕ್ಕೆ 12 ಗಂಟೆವರೆಗೆ ದುಡಿಸಲು ಎಡೆಕೊಡುವ ತಿದ್ದುಪಡಿಯನ್ನು ಕರ್ನಾಟಕದ ವಿಧಾನಮಂಡಲ 2023ರ ಫೆಬ್ರವರಿಯಲ್ಲಿ ಒಪ್ಪಿತು. ತಮಿಳುನಾಡು ವಿಧಾನಸಭೆಯೂ ಏಪ್ರಿಲ್ 21ರಂದು ಅಂಥದ್ದೇ ಮಸೂದೆಯನ್ನು ಅಂಗೀಕರಿಸಿತು. ಕಾರ್ಮಿಕ ಸಂಘಗಳು ಎದ್ದುನಿಂತವು. ಸಿಂಗಾರವೇಲು ಬಾವುಟ ಹಾರಿಸಿ ಸರಿಯಾಗಿ ನೂರು ವರ್ಷ ತುಂಬಿದ ಮೇ 1ರಂದು ಆ ಮಸೂದೆಯನ್ನು ಹಿಂದಕ್ಕೆ ಪಡೆಯುವುದಾಗಿ ಮುಖ್ಯಮಂತ್ರಿ ಸ್ಟಾಲಿನ್ ಹೇಳಿದರು. ಅತ್ತಿಬೆಲೆಯ ಗಡಿ ದಾಟಿ ದಿನಾ ಹೊಸೂರಿಗೆ ಬಂದು ದುಡಿಯುವವರು ಆ ವರ್ಷ ಎರಡೂ ಸುದ್ದಿಯನ್ನು ಒಂದೇ ಬಸ್ಸಿನಲ್ಲಿ ಕೇಳಿದರು.