ನಿಂತರೆ ಕುದಿಯುವ ಕಾರು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಸುತ್ತಿನ ಕಾಫಿ ತೋಟದ ಮನೆಗಳಲ್ಲಿ ಹಳೇ ಕಾರಿಗೆ ಆಯಸ್ಸು ಜಾಸ್ತಿ. ಬೆಂಗಳೂರಿನ ಮಗ ಹೊಸ ಗಾಡಿ ಕೊಂಡರೂ ಅಪ್ಪನ ಮಾರುತಿ 800, ಓಮ್ನಿ, ಎಸ್ಟೀಮ್‌ಗಳು ಶೆಡ್ಡು ಬಿಟ್ಟು ಕದಲುವುದಿಲ್ಲ. ಗೊಬ್ಬರದ ಚೀಲ ತರಲು, ಕರೆಂಟ್ ಬಿಲ್ಲು ಕಟ್ಟಲು, ಮದುವೆ ಮನೆಗೆ ಹೋಗಲು ಅವೇ ಆಗಬೇಕು. ಇಂಥ ಗಾಡಿಗಳ ಮೇಲಿನ ದೂರೂ ಹೆಚ್ಚುಕಮ್ಮಿ ಒಂದೇ: ‘ತೋಟದಿಂದ ಬೇಲೂರಿನವರೆಗೆ ಬಿಸಿ ತೋರಿಸೋ ಮುಳ್ಳು ಅರ್ಧ ದಾಟಲ್ಲ. ಭಾನುವಾರ ದೇವಸ್ಥಾನದ ಬೀದೀಲಿ ಸಿಕ್ಕಿಹಾಕ್ಕೊಂಡ್ರೆ ಕೆಂಪು ಮುಟ್ಟುತ್ತೆ.’

ಈ ದೂರಿಗೆ ಗ್ಯಾರೇಜುಗಳಲ್ಲಿ ಸಿಗುವ ಉತ್ತರಗಳು ಕೂಡ ಗೊತ್ತಿದ್ದವೇ. ರೇಡಿಯೇಟರ್ ಹೋಗಿದೆ, ಹೊಸದು ಹಾಕೋಣ. ವಾಟರ್ ಪಂಪ್ ಬದಲಾಯಿಸೋಣ. ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಕೋಣ. ಎಲ್ಲಾ ಮುಗಿದ ಮೇಲೂ ಬಿಸಿ ಇಳಿಯದಿದ್ದರೆ, ಹೆಡ್ ಬಿಚ್ಚೋಣ. ಮಾಲೀಕ ಹೇಳಿದ ಎರಡು ವಾಕ್ಯದಲ್ಲೇ ಅರ್ಧ ರೋಗನಿರ್ಣಯ ಮುಗಿದಿತ್ತು, ಯಾರೂ ಕಿವಿಗೊಡಲಿಲ್ಲ ಅಷ್ಟೆ. ಓಡುವಾಗ ತಣ್ಣಗಿದ್ದು ನಿಂತಾಗ ಮಾತ್ರ ಕಾಯುವ ಗಾಡಿಯಲ್ಲಿ ಮೊದಲು ಹುಡುಕಬೇಕಾದದ್ದು ನೀರಿನ ದೋಷವನ್ನಲ್ಲ, ಗಾಳಿಯ ದೋಷವನ್ನು. ಯಾಕೆ ಹಾಗೆ ಎಂಬುದು ತಿಳಿಯಬೇಕಾದರೆ ಬಾನೆಟ್ಟಿನ ಕೆಳಗಿರುವ ಈ ಸಾಮಾನುಗಳು ಒಂದೊಂದಾಗಿ ಅಲ್ಲಿಗೆ ಬಂದು ಕೂತದ್ದು ಹೇಗೆಂದು ನೋಡಬೇಕು.

ಎಂಜಿನ್ನಿನಲ್ಲಿ ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ತಂಪಾಗಿಸುವ ನೀರಿಗೆ ಹೋಗುತ್ತದೆ. ಈ ತಲೆನೋವು ಮೊದಲ ಕಾರಿನಿಂದಲೇ ಇದೆ. ಕಾರ್ಲ್ ಬೆಂಜ್ 1886ರ ಜನವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಮೂರು ಚಕ್ರದ ಗಾಡಿಯಲ್ಲಿ ರೇಡಿಯೇಟರೇ ಇರಲಿಲ್ಲ. ಸಿಲಿಂಡರಿನ ಸುತ್ತ ನೀರು ಕುದಿಯುತ್ತಿತ್ತು, ಆವಿಯಾಗಿ ಹೋಗುತ್ತಿತ್ತು, ಹೋದಷ್ಟನ್ನು ಮತ್ತೆ ಸುರಿಯಬೇಕಿತ್ತು. 1888ರ ಆಗಸ್ಟಿನಲ್ಲಿ ಬೆಂಜ್‌ನ ಹೆಂಡತಿ ಬರ್ತಾ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಗಂಡನಿಗೆ ಹೇಳದೆ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ನೂರು ಕಿಲೋಮೀಟರ್ ದಾಟಿದ ಆ ಪ್ರಯಾಣದಲ್ಲಿ ದಾರಿಯುದ್ದಕ್ಕೂ ನೀರು ಹುಡುಕುವುದೇ ಒಂದು ಕೆಲಸವಾಗಿತ್ತು. ಚಾರ್ಮಾಡಿ ಘಾಟಿಯಲ್ಲಿ ಬಾನೆಟ್ ಎತ್ತಿ, ಬಂಡೆಯಿಂದ ಇಳಿಯುವ ನೀರಿಗೆ ಬಾಟಲಿ ಹಿಡಿದು ನಿಂತವರಿಗೆ ಈ ಹೆಂಗಸಿನ ಪಾಡು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಥೆಗೆ ಮುಖ್ಯನಾದವನು ವಿಲ್‌ಹೆಲ್ಮ್ ಮೇಬ್ಯಾಕ್. ಡೈಮ್ಲರ್ ಕಂಪನಿಗಾಗಿ ಈತ ರೂಪಿಸಿದ 35 ಅಶ್ವಶಕ್ತಿಯ ಮರ್ಸಿಡಿಸ್ 1900ರ ಡಿಸೆಂಬರಿನಲ್ಲಿ ತಯಾರಾಯಿತು. ಅದರ ಮುಂದೆ ಜೇನುಹುಟ್ಟಿನಂಥ ರೇಡಿಯೇಟರ್ ಇತ್ತು: ಆರು ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಬೆಸೆದು ಮಾಡಿದ್ದು. ಕೊಳವೆಯೊಳಗೆ ಗಾಳಿ, ಅವುಗಳ ಸಂದಿಯಲ್ಲಿ ನೀರು. ಅಷ್ಟು ದೊಡ್ಡ ಎಂಜಿನ್ನಿಗೆ ಅಷ್ಟು ಕಡಿಮೆ ನೀರು ಸಾಕಾದದ್ದು ಅದೇ ಮೊದಲು. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದೆ ಮೇಬ್ಯಾಕ್ ಕೂರಿಸಿದ ಸಣ್ಣ ಫ್ಯಾನು. ಗಾಡಿ ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ಅದಕ್ಕೆ ಫ್ಯಾನು ಬೇಡ. ನಿಧಾನಕ್ಕೆ ಹೋಗುವಾಗ ಏನು ಗತಿ ಎಂದು ಯೋಚಿಸಿಯೇ ಅವನು ಅದನ್ನು ಸೇರಿಸಿದ. ಟ್ರಾಫಿಕ್ ಜಾಮ್ ಹುಟ್ಟುವ ಮೊದಲೇ ಅದರ ಮದ್ದು ಹುಟ್ಟಿತ್ತು ಎನ್ನಬಹುದು.

ಮುಂದಿನ ಹೆಜ್ಜೆಗಳನ್ನು ಬೇಗ ದಾಟೋಣ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಶುರುವಿನ ಕೆಲವು ಗಾಡಿ ಬಿಟ್ಟರೆ ಪಂಪೇ ಇರಲಿಲ್ಲ. ಕಾದ ನೀರು ಮೇಲೇರಿ, ತಣಿದದ್ದು ಕೆಳಗಿಳಿದು ತಾನೇ ಸುತ್ತುತ್ತಿತ್ತು. ಆಮೇಲೆ ಪಂಪ್ ಬಹುತೇಕ ಕಾರುಗಳಿಗೆ ಖಾಯಂ ಆಯಿತು. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆ ಎಂಬಾತ ಮೇಣದ ಗುಳಿಗೆಯ ಥರ್ಮೋಸ್ಟಾಟ್ ತಂದ. ಮೇಣ ಕರಗಿ ಹಿಗ್ಗಿದರೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್ ತೆರೆಯುತ್ತದೆ, ತಣಿದರೆ ಮುಚ್ಚುತ್ತದೆ. ಇಂದಿಗೂ ಅದೇ ಉಪಾಯ ನಡೆಯುತ್ತಿದೆ. ರೇಡಿಯೇಟರಿಗೆ ಒತ್ತಡದ ಮುಚ್ಚಳವೂ ಬಂತು; ನೀರು ಬೇಗ ಕುದಿಯದಂತೆ ತಡೆಯುವುದು ಅದರ ಕೆಲಸ. ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರ್ ಎತ್ತರದ ಬೇಲೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ 94ಕ್ಕೇ. 0.9 ಎಂದು ಬರೆದ ಮುಚ್ಚಳ ಸರಿಯಾಗಿ ಬಿಗಿದಿದ್ದರೆ ಅದೇ ನೀರು 115 ದಾಟಿದರೂ ಕುದಿಯದು. ಮುಚ್ಚಳದ ರಬ್ಬರ್ ಸತ್ತಿದ್ದರೆ ಈ ಲಾಭವೆಲ್ಲ ಹೋಯಿತು. ಅಗ್ಗದ ವಸ್ತು, ಆದ್ದರಿಂದಲೇ ಯಾರೂ ಅದರ ಕಡೆ ನೋಡುವುದಿಲ್ಲ.

ಇನ್ನು ನಮ್ಮ ದೇಶದ ಕಾರುಗಳ ಕಡೆ ಬರೋಣ. ಕಾರು ನಮ್ಮಲ್ಲೇ ಆಗಬೇಕೆಂದು 1930ರ ದಶಕದಲ್ಲಿ ಓಡಾಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಒಬ್ಬರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಕಟ್ಟುವ ಆ ಯೋಜನೆ ಕೈಗೂಡಲಿಲ್ಲ. ಅವರ ಜೊತೆ ಓಡಾಡಿದ್ದ ವಾಲಚಂದ್ ಹೀರಾಚಂದ್ 1944ರಲ್ಲಿ ಮುಂಬೈ ಕಡೆ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು; ಪದ್ಮಿನಿ ಬಂದದ್ದು ಆ ಕಂಪನಿಯಿಂದ. ಪದ್ಮಿನಿಯಾಗಲಿ ಅಂಬಾಸಿಡರ್ ಆಗಲಿ, ಎರಡರಲ್ಲೂ ಎಂಜಿನ್ ಉದ್ದಕ್ಕೆ ಕೂತಿತ್ತು, ಫ್ಯಾನು ಬೆಲ್ಟಿನ ಮೇಲೆ ಓಡುತ್ತಿತ್ತು. ಎಂಜಿನ್ ಜೋರಾಗಿದ್ದರೆ ಫ್ಯಾನೂ ಜೋರು, ಐಡ್ಲಿಂಗ್‌ನಲ್ಲಿ ಫ್ಯಾನೂ ಮಂದ. ಗಾಳಿ ಅತಿ ಹೆಚ್ಚು ಬೇಕಾದ ಹೊತ್ತಿಗೇ ಅದು ಅತಿ ಕಡಿಮೆ ಸಿಗುತ್ತಿತ್ತು. ಹಳೇ ಟ್ಯಾಕ್ಸಿ ಡ್ರೈವರುಗಳು ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ಒತ್ತುತ್ತಿದ್ದದ್ದು ಬರೀ ಶೋಕಿಗಲ್ಲ.

ಎಂಜಿನ್ ಅಡ್ಡಕ್ಕೆ ತಿರುಗಿದ ಮೇಲೆ ಲೆಕ್ಕವೇ ಬದಲಾಯಿತು. ಅಡ್ಡ ಎಂಜಿನ್ನಿನ ಪುಲ್ಲಿ ಗಾಡಿಯ ಪಕ್ಕಕ್ಕೆ ಮುಖ ಮಾಡುತ್ತದೆ, ರೇಡಿಯೇಟರ್ ಮುಂದಿರುತ್ತದೆ. ಬೆಲ್ಟು ಅಲ್ಲಿಗೆ ಮುಟ್ಟುವುದು ಕಷ್ಟ. 1959ರ ಬ್ರಿಟಿಷ್ ಮಿನಿ ಕಾರಿನಲ್ಲಿ ರೇಡಿಯೇಟರನ್ನೇ ಪಕ್ಕಕ್ಕೆ ಸರಿಸಿದರು. 1969ರ ಫಿಯಟ್ 128ರ ಹೊತ್ತಿಗೆ ರೇಡಿಯೇಟರನ್ನು ಮುಂದೆಯೇ ಇಟ್ಟು ಕರೆಂಟಿನ ಫ್ಯಾನು ಕೊಡುವ ದಾರಿ ಸಿಕ್ಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ನಮ್ಮ ಊರುಗಳಿಗೂ ಈ ಫ್ಯಾನು ಬಂತು. ಎಂಜಿನ್ನಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರು ನಿಗದಿಯಾದ ಬಿಸಿಗೆ ಬಂದರೆ ಓಡುತ್ತದೆ, ಇಳಿದರೆ ನಿಲ್ಲುತ್ತದೆ. ಬೆಲ್ಟಿನ ಫ್ಯಾನು ಮಂದವಾಗುತ್ತಿತ್ತೇ ಹೊರತು ಮುಷ್ಕರ ಹೂಡುತ್ತಿರಲಿಲ್ಲ. ಹೊಸ ಏರ್ಪಾಟಿನಲ್ಲಿ ಮೋಟಾರು, ಫ್ಯೂಸು, ರಿಲೇ, ಸ್ವಿಚ್ಚು, ವೈರು ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಫ್ಯಾನು ಸುಮ್ಮನಾಗುತ್ತದೆ. ಖಾಲಿ ರಸ್ತೆಯಲ್ಲಿ ಅದು ಸತ್ತದ್ದೇ ತಿಳಿಯುವುದಿಲ್ಲ.

ಆದ್ದರಿಂದ ಪರೀಕ್ಷೆಯನ್ನು ಅಲ್ಲಿಂದಲೇ ಶುರುಮಾಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಬೇಕು (ಬಿಸಿಯಲ್ಲಿ ತೆಗೆದವರ ಮುಖ, ಕೈ ಸುಟ್ಟೀತು). ಮಟ್ಟ ಇಳಿದಿದ್ದರೆ ನೀರಿನ ಬಿಸಿ ಅರಿತು ಫ್ಯಾನು ಓಡಿಸುವ ಸ್ವಿಚ್ಚಿನ ಮೂತಿ ನೀರಿನ ಬದಲು ಗಾಳಿಯಲ್ಲಿ ನಿಂತಿರಬಹುದು. ಎಂಜಿನ್ ಕುದಿಯುತ್ತಿದ್ದರೂ ಫ್ಯಾನಿಗೆ ಸುದ್ದಿ ಮುಟ್ಟುವುದಿಲ್ಲ. ಮಟ್ಟ ಸರಿಯಿದ್ದರೆ ಗಾಡಿ ಸ್ಟಾರ್ಟ್ ಮಾಡಿ ನೆರಳಿನಲ್ಲಿ ನಿಲ್ಲಿಸಿ, ಮುಳ್ಳು ಅರ್ಧ ದಾಟುವ ಹೊತ್ತಿಗೆ ಫ್ಯಾನಿನ ಸದ್ದು ಬರುತ್ತದೆಯೋ ಕೇಳಿ. ಬರದಿದ್ದರೆ ಎಸಿ ಹಾಕಿ ನೋಡಿ. ಒಂದೇ ಫ್ಯಾನಿರುವ ಗಾಡಿಯಲ್ಲಿ ಎಸಿಗೆ ಓಡಿ ಬಿಸಿಗೆ ಓಡದಿದ್ದರೆ ಮೋಟಾರು ಚೆನ್ನಾಗಿದೆ, ಸ್ವಿಚ್ಚು ಅಥವಾ ಅದರ ವೈರು ಕೆಟ್ಟಿದೆ. ಎರಡಕ್ಕೂ ಓಡದಿದ್ದರೆ ಫ್ಯೂಸು ನೋಡಿ, ಆಮೇಲೆ ಬ್ಯಾಟರಿಯಿಂದ ನೇರ ವೈರು ಕೊಡಿಸಿ. ಆಗಲೂ ತಿರುಗದಿದ್ದರೆ ಮೋಟಾರೇ ಕೆಟ್ಟಿದೆ, ಹೆಚ್ಚಾಗಿ ಅದರ ಕಾರ್ಬನ್ ಸವೆದಿರುತ್ತದೆ. ರೇಡಿಯೇಟರ್ ಬದಲಾಯಿಸುವ ಖರ್ಚಿನ ಮುಂದೆ ಇದು ಚಿಲ್ಲರೆ ಕೆಲಸ.

ಫ್ಯಾನು ಓಡಿದ ಮಾತ್ರಕ್ಕೆ ಬಿಟ್ಟುಬಿಡಬೇಡಿ. ಒಂದು ಹಾಳೆ ಕಾಗದವನ್ನು ಗಾಡಿಯ ಮುಂದುಗಡೆ ಗ್ರಿಲ್ಲಿಗೆ ಹಿಡಿಯಿರಿ. ಫ್ಯಾನು ಎಂಜಿನ್ ಕಡೆ ಇದ್ದರೆ ಕಾಗದ ಒಳಕ್ಕೆ ಎಳೆದು ಅಂಟಿಕೊಳ್ಳಬೇಕು. ಈಚೆಗೆ ದೂಡಿದರೆ ಯಾರೋ ವೈರು ಉಲ್ಟಾ ಸೇರಿಸಿದ್ದಾರೆ, ಮೋಟಾರು ಹಿಂದುಮುಂದಾಗಿ ತಿರುಗುತ್ತಿದೆ. ಕಾಗದ ಸಡಿಲವಾಗಿ ಅಲುಗಾಡಿ ಬಿದ್ದುಹೋದರೆ ದಾರಿ ಕಟ್ಟಿದೆ ಎಂದರ್ಥ. ಎಸಿಯ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಬೆರಳು ತೂರುವಷ್ಟು ಸಂದಿ ಇರುತ್ತದೆ. ತೋಟದ ರಸ್ತೆಯ ಕೆಮ್ಮಣ್ಣಿನ ಧೂಳು, ಹುಳು, ಸಿಲ್ವರ್ ಓಕ್ ಎಲೆಯ ಚೂರು ಎಲ್ಲ ಅಲ್ಲಿ ಕೂತು ಮಳೆಗಾಲದಲ್ಲಿ ಮೆತ್ತಿಕೊಳ್ಳುತ್ತದೆ. ಮುಂದಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಎಂಜಿನ್ ಕಡೆಯಿಂದ ಮುಂದಕ್ಕೆ, ಹದವಾದ ಒತ್ತಡದಲ್ಲಿ ನೀರು ಬಿಟ್ಟು ತೊಳೆಯಬೇಕು. ವಾಟರ್ ಸರ್ವೀಸಿನ ಪೂರ್ತಿ ಜೋರಿಗೆ ತೆಳು ತಗಡೆಲ್ಲ ಮಡಚಿಹೋಗುತ್ತದೆ. ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಕವಚವನ್ನು ‘ಮುರಿದಿತ್ತು, ತೆಗೆದುಬಿಟ್ವಿ’ ಎನ್ನುವವರಿದ್ದಾರೆ. ಅದಿಲ್ಲದಿದ್ದರೆ ಫ್ಯಾನು ಮುಂದಿನ ತಣ್ಣನೆ ಗಾಳಿ ಬಿಟ್ಟು ಪಕ್ಕದ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ದೂರಿನ ರೂಪ ಬೇರೆಯಾದರೆ ಹುಡುಕುವ ಜಾಗವೂ ಬೇರೆ. ಹಾಸನ ರಸ್ತೆಯಲ್ಲಿ ವೇಗವಾಗಿ ಹೋಗುವಾಗಲೇ ಬಿಸಿ ಏರಿದರೆ ಗಾಳಿಗೆ ಕೊರತೆಯಿಲ್ಲ, ನೀರು ಸುತ್ತುತ್ತಿಲ್ಲ. ಆಗ ರೇಡಿಯೇಟರ್, ಪಂಪ್, ಕೆಳಗಿನ ಹೋಸ್ ಪೈಪುಗಳ ಸರದಿ. ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನೊಳಗೆ ಬಿಳಿ ಹಕ್ಕಳೆ ಕಟ್ಟುವುದು ಸಹಜ. ಕೂಲೆಂಟಿಗೆ ಡಿಸ್ಟಿಲ್ಡ್ ನೀರನ್ನೇ ಬೆರೆಸಬೇಕು. ಚಿಕ್ಕಮಗಳೂರಿನಾಚೆ ಕೈಮರದಿಂದ ಮೇಲೆ ರಜೆಯ ದಿನ ಸಾಲುಗಟ್ಟಿ ಫಸ್ಟ್ ಗೇರಿನಲ್ಲಿ ಹತ್ತುವಾಗ ಮಾತ್ರ ಎರಡೂ ಕಾಯಿಲೆ ಒಟ್ಟಿಗೆ ಹೊರಬೀಳುತ್ತವೆ. ಅಲ್ಲಿ ಎಸಿ ಆರಿಸಿ, ಹೀಟರ್ ಇದ್ದರೆ ಪೂರ್ತಿ ತಿರುಗಿಸಿ. ಸೆಕೆಯಾಗುತ್ತದೆ ನಿಜ, ಆದರೆ ಹೀಟರೂ ಒಂದು ಪುಟ್ಟ ರೇಡಿಯೇಟರೇ.

ಥರ್ಮೋಸ್ಟಾಟ್ ಕೀಳುವ ಚಟದ ಬಗ್ಗೆ ಒಂದು ಮಾತು. ಕೆಲವು ಎಂಜಿನ್ನುಗಳಲ್ಲಿ ಅದು ತೆರೆದಾಗ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದನ್ನು ಕಿತ್ತರೆ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಸುತ್ತುತ್ತಿರುತ್ತದೆ. ಉಳಿದ ಎಂಜಿನ್ನುಗಳು ಮಲೆನಾಡಿನ ಚಳಿಗೆ ಕಾಯುವುದೇ ಇಲ್ಲ, ಪೆಟ್ರೋಲು ಕುಡಿಯುತ್ತವೆ.

ತೋಟದ ಕೆಲಸದವರನ್ನು ಕರೆತರುವ ಹಳೇ ಸುಮೊ, ಕ್ವಾಲಿಸ್‌ಗಳ ಮಾತು ಬೇರೆ. ಅವುಗಳಲ್ಲಿ ಎಂಜಿನ್ ಇನ್ನೂ ಉದ್ದಕ್ಕೇ ಇದೆ, ಫ್ಯಾನು ಇನ್ನೂ ಬೆಲ್ಟಿನ ಮೇಲೇ ಇದೆ. ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಒಂದು ಕ್ಲಚ್ಚು ಸೇರಿಕೊಂಡಿದೆ. ಎಣ್ಣೆ ಸೋರಿಹೋದರೆ ಫ್ಯಾನು ತಿರುಗಿದಂತೆ ಕಾಣುತ್ತದೆ, ಗಾಳಿ ಮಾತ್ರ ಎಳೆಯುವುದಿಲ್ಲ. ಬಿಸಿ ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ರೆಕ್ಕೆಯನ್ನು ಕೈಯಲ್ಲಿ ದೂಡಿ ನೋಡಿ: ಬಿಗಿಯಾಗಿ ತಡೆದು ನಿಂತರೆ ಕ್ಲಚ್ಚು ಸರಿಯಿದೆ, ಸಲೀಸಾಗಿ ಸುತ್ತುತ್ತಲೇ ಹೋದರೆ ಬದಲಾಯಿಸಬೇಕಾದದ್ದು ಅದನ್ನೇ.