ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದ ಸರ್ವರ್

"ಸರ್, ಪಾಸ್‌ವರ್ಡ್ ಸರಿಯಾಗೇ ಹಾಕಿದ್ದೀನಿ. ಆದ್ರೂ 'ಪರ್ಮಿಶನ್ ಡಿನೈಡ್' ಅಂತಿದೆ."

ಎಂಜಿನಿಯರಿಂಗ್ ಕಾಲೇಜೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವ ನನಗೆ ಸೆಮಿಸ್ಟರ್ ಶುರುವಾದಾಗಲೆಲ್ಲ ಬರುವ ದೂರು ಇದು. "ನೀನು ಯಾರು ಅಂತ ಅದಕ್ಕೆ ಗೊತ್ತಾಗಿದೆಯಪ್ಪಾ, ಅದಕ್ಕೇ ಬಿಡ್ತಿಲ್ಲ" ಅಂತೀನಿ.

ನಮ್ಮಲ್ಲಿ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಆಫೀಸಿನವರು ಎಲ್ಲರ ಖಾತೆಯೂ ಎಲ್‌ಡಿಎಪಿ ಡೈರೆಕ್ಟರಿ ಎಂಬ ಒಂದೇ ಕಡೆ ಇದೆ. ಒಂದು ಪಾಸ್‌ವರ್ಡ್ ಇದ್ದರೆ ಎಲ್ಲ ಮಷೀನೂ ತೆರೆಯುತ್ತದೆ. ಅನುಕೂಲವೂ ಅದೇ, ತಲೆನೋವೂ ಅದೇ. ಮದುವೆಗೆ ಕರೆದವರನ್ನೆಲ್ಲ ಅಡುಗೆಮನೆಗೂ ಬಿಟ್ಟ ಹಾಗೆ, ಲ್ಯಾಬಿಗೆ ಬರುವ ಹುಡುಗ ಪರೀಕ್ಷಾ ವಿಭಾಗದ ಸರ್ವರ್‌ನಲ್ಲೂ ಶೆಲ್ ತೆರೆದು ಕೂರಬಹುದು. ಶೆಲ್ ಎಂದರೆ ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ. ಅದೊಂದು ಸಿಕ್ಕರೆ ಯಾರೋ ಅಜಾಗರೂಕತೆಯಿಂದ ತೆರೆದಿಟ್ಟ ಫೈಲು ಓದಬಹುದು; ಅಪ್‌ಡೇಟ್ ಆಗದ ಸಾಫ್ಟ್‌ವೇರ್ ಇದ್ದರೆ ಮಷೀನಿನ ಯಜಮಾನನೇ ಆಗಿಬಿಡಬಹುದು.

ಲಿನಕ್ಸ್‌ನಲ್ಲಿ ಪ್ರತಿ ಖಾತೆಯ ದಾಖಲೆಗೂ ಏಳು ಅಂಕಣ, ಕೊನೆಯದು ಶೆಲ್. ಅಲ್ಲಿ 'ನೋಲಾಗಿನ್' ಎಂದು ಬರೆದರಾಯಿತಲ್ಲ ಎಂದು ಬಹಳ ಜನ ಹೇಳುತ್ತಾರೆ. ಆದರೆ ಆ ಅಂಕಣ ಡೈರೆಕ್ಟರಿಯಲ್ಲಿದ್ದರೆ ಹುಡುಗನಿಗೆ ಲ್ಯಾಬೂ ಬಂದ್! ಸಾಲದ್ದಕ್ಕೆ, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ, 1995ರಲ್ಲಿ ಫಿನ್ಲೆಂಡಿನ ತಾತು ಇಲೊನೆನ್ ಬರೆದ ಎಸ್‌ಎಸ್‌ಎಚ್‌ಗೆ ಶೆಲ್ಲೇ ಬೇಡದೆ ಟನೆಲ್ ಕೊರೆದುಕೊಡುವ ಶಕ್ತಿಯೂ ಇದೆ. ಸರ್ವರ್‌ನಲ್ಲಿ ಅದನ್ನು ಪ್ರತ್ಯೇಕವಾಗಿ ನಿಲ್ಲಿಸದಿದ್ದರೆ 'ನೋಲಾಗಿನ್' ಅದನ್ನು ತಡೆಯುವುದಿಲ್ಲ.

ಹಾಗಾಗಿ ತಡೆಯಬೇಕಾದ್ದು ಆಯಾ ಸರ್ವರ್‌ನ ಬಾಗಿಲಲ್ಲೇ. ಪರೀಕ್ಷಾ ಸರ್ವರ್‌ನ ಎಸ್‌ಎಸ್‌ಎಚ್ ಸೆಟ್ಟಿಂಗ್‌ನಲ್ಲಿ 'ಅಲೋಗ್ರೂಪ್ಸ್' ಎಂಬ ಒಂದು ಸಾಲು ಬರೆದು, ಒಳಗೆ ಬಿಡಬೇಕಾದ ಗುಂಪಿನ ಹೆಸರು ಕೊಟ್ಟಿದ್ದೇನೆ. ಆ ಗುಂಪಿನಲ್ಲಿ ಇಲ್ಲದವರಿಗೆ ಪಾಸ್‌ವರ್ಡೂ ನಡೆಯದು, ಎಸ್‌ಎಸ್‌ಎಚ್ ಕೀ ಕೂಡ ನಡೆಯದು. ಪಾಸ್‌ವರ್ಡ್ ತಪ್ಪಾದಾಗಲೂ ಬರುವುದು ಅದೇ 'ಪರ್ಮಿಶನ್ ಡಿನೈಡ್' ಉತ್ತರ. ಕಾರಣ ಹೇಳಿದರೆ ಕಳ್ಳನಿಗೆ ಸುಳಿವು ಕೊಟ್ಟಂತಾಗುತ್ತದೆ. ಗುಂಪಿನಲ್ಲಿ ಯಾರಿರಬೇಕು ಎಂಬುದನ್ನು ಮಾತ್ರ ಡೈರೆಕ್ಟರಿಯಲ್ಲೇ ಇಟ್ಟಿದ್ದೇನೆ. ಗುಮಾಸ್ತರೊಬ್ಬರು ವರ್ಗವಾದರೆ ಹೆಸರು ತೆಗೆಯುವುದು ಒಂದೇ ಕಡೆ.

ಸರ್ವರ್‌ಗಳು ಹತ್ತಾರಾದರೆ ಫ್ರೀಐಪಿಎ ಎಂಬ ಸಾಫ್ಟ್‌ವೇರ್ ವಾಸಿ. ಯಾರು, ಯಾವ ಮಷೀನಿಗೆ, ಯಾವ ಸೇವೆಗೆ ಎಂದು ಅದರಲ್ಲಿ ನಿಯಮ ಬರೆಯಬಹುದು. ಆದರೆ ಸಾಮಾನ್ಯವಾಗಿ ಹೊಸದಾಗಿ ಹಾಕಿದಾಗ ಎಲ್ಲರನ್ನೂ ಒಳಗೆ ಬಿಡುವ 'ಅಲೋ ಆಲ್' ನಿಯಮ ಚಾಲೂ ಇರುತ್ತದೆ. ಅದನ್ನು ಆಫ್ ಮಾಡುವವರೆಗೆ ನೀವು ಬರೆದದ್ದೆಲ್ಲ ದಂಡ.

'ಅಲೋಗ್ರೂಪ್ಸ್'ನಂಥ ಸಾಲನ್ನು ಬದಲಿಸುವಾಗ ಇನ್ನೊಂದು ವಿಂಡೋದಲ್ಲಿ ಲಾಗಿನ್ ಆಗಿಯೇ ಇರಿ. ಗುಂಪಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ನಾವೇ ಹೊರಗೆ. ಆಮೇಲೆ ಮಾನಿಟರು, ಕೀಬೋರ್ಡು ಹೊತ್ತುಕೊಂಡು ಸರ್ವರ್ ರೂಮಿನ ಕಡೆ ನಡೆಯಬೇಕು.